ಪ್ರಳಯದ ಸೆಳೆತ: ಜಗದಂತ್ಯದ ಕಲ್ಪನೆಗಳ ಹಿಂದಿನ ಮನೋವಿಜ್ಞಾನ

ಲೋಕವೆಲ್ಲ ಒಮ್ಮೆಗೇ ಕೊನೆಗೊಳ್ಳುವ ಕಲ್ಪನೆಗೆ ಹೆದರುತ್ತಲೇ ಮನಸೋಲುವ ಮನುಷ್ಯ ಸ್ವಭಾವವನ್ನು ಪ್ರಳಯದ ಸೆಳೆತ ಎನ್ನಬಹುದು. ಪುರಾಣ, ಧರ್ಮಗ್ರಂಥ, ಕಾಲಜ್ಞಾನ, ಕಾದಂಬರಿ, ಸಿನಿಮಾ, ಸುದ್ದಿವಾಹಿನಿ ಎಲ್ಲದರಲ್ಲೂ ಇದು ಕಾಣಸಿಗುತ್ತದೆ. ಬರೀ ಮೌಢ್ಯವೆಂದು ಇದನ್ನು ತಳ್ಳಿಹಾಕುವುದು ಸುಲಭ. ಆದರೆ ಕಳೆದ ಏಳು ದಶಕಗಳ ಸಂಶೋಧನೆಯಿಂದ ಮೂಡುವ ಚಿತ್ರ ಹೆಚ್ಚು ಆಸಕ್ತಿಕರವಾಗಿದೆ. ಬರಬಹುದಾದ ಅಪಾಯಕ್ಕೆ ಮನಸ್ಸು ಮೊದಲೇ ತಾಲೀಮು ನಡೆಸುತ್ತದೆ. ಅನಿಶ್ಚಿತತೆಗೆ ಒಂದು ದಿನಾಂಕ ಕೊಟ್ಟು ಅದನ್ನು ಹಿಡಿತಕ್ಕೆ ತಂದುಕೊಳ್ಳಲು ನೋಡುತ್ತದೆ. ದಿನಾಂಕವಿಲ್ಲದೆ, ಸದ್ದಿಲ್ಲದೆ ಬರುವ ಅಪಾಯಗಳು ಅದೇ ಮನಸ್ಸಿನ ಕಣ್ಣಿಗೆ ಬೀಳುವುದಿಲ್ಲ. ಈ ವಿಷಯದ ಗಂಭೀರ ಭಾಗ ಇರುವುದು ಅಲ್ಲಿ.

ಪರಂಪರೆಗಳಲ್ಲಿ ಅಂತ್ಯ

ಜರತುಷ್ಟ್ರ, ಯಹೂದಿ, ಕ್ರೈಸ್ತ ಮತ್ತು ಇಸ್ಲಾಂ ಪರಂಪರೆಗಳಲ್ಲಿ ಕಾಲ ಒಂದೇ ದಿಕ್ಕಿಗೆ ಸಾಗುತ್ತದೆ. ಸೃಷ್ಟಿಯಿಂದ ಹೊರಟು ಅಂತಿಮ ತೀರ್ಪಿನಲ್ಲಿ ಅದು ಮುಗಿಯುತ್ತದೆ. ಕೆಡುಕು ಅಳಿಯುತ್ತದೆ, ಒಳಿತು ಉಳಿಯುತ್ತದೆ. ಈ ನಿರೀಕ್ಷೆ ಯಾರಲ್ಲಿ ಬೇರೂರುತ್ತದೆ ಎಂಬುದನ್ನು ಇತಿಹಾಸಕಾರ ನಾರ್ಮನ್ ಕೋನ್ 1957ರ ತನ್ನ ಗ್ರಂಥದಲ್ಲಿ ವಿವರವಾಗಿ ಪರಿಶೀಲಿಸಿದ. ಮಧ್ಯಯುಗದ ಯೂರೋಪಿನಲ್ಲಿ ಅಂತ್ಯಕಾಲದ ಪ್ರವಾದಿಗಳ ಬೆನ್ನುಹತ್ತಿದವರಲ್ಲಿ ನೆಲೆ ಕಳೆದುಕೊಂಡ ಬಡವರು ಹೆಚ್ಚಾಗಿದ್ದರೆಂದೂ, ಬರ ಮತ್ತು ಪ್ಲೇಗುಗಳ ಕಾಲದಲ್ಲಿ ಅವರ ಸಂಖ್ಯೆ ಏರುತ್ತಿತ್ತೆಂದೂ ಆತ ತೋರಿಸಿದ. ಇದ್ದ ಲೋಕದಲ್ಲಿ ಪಾಲಿಲ್ಲದವರಿಗೆ ಲೋಕದ ಕೊನೆ ನ್ಯಾಯದ ಆರಂಭದಂತೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಭಾರತೀಯ ಗಣನೆ ಇದಕ್ಕಿಂತ ಬೇರೆ. ಕ್ರಿ.ಪೂ. 3102ರಲ್ಲಿ ಆರಂಭವಾಯಿತೆನ್ನುವ ಕಲಿಯುಗದ ಅವಧಿ 4,32,000 ವರ್ಷ. ಬ್ರಹ್ಮನ ಒಂದು ಹಗಲು 432 ಕೋಟಿ ವರ್ಷ. ಪ್ರತಿ ಪ್ರಳಯದ ಬೆನ್ನಿಗೂ ಮತ್ತೊಂದು ಸೃಷ್ಟಿ. ಈ ಲೆಕ್ಕದಲ್ಲಿ ಕಲಿಯುಗ ಮುಗಿಯಲು ಇನ್ನೂ ನಾಲ್ಕು ಲಕ್ಷ ಇಪ್ಪತ್ತಾರು ಸಾವಿರ ವರ್ಷಗಳಿಗಿಂತ ಹೆಚ್ಚು ಕಾಲವಿದೆ. ನಾಳೆಯೇ ಎಲ್ಲ ಮುಗಿಯಿತೆಂದು ಗಾಬರಿಪಡಲು ಇಲ್ಲಿ ಆಸ್ಪದವೇ ಇರಬಾರದಿತ್ತು. ಆದರೂ ಗಾಬರಿ ಹುಟ್ಟಿದ್ದುಂಟು. ಶಾಸ್ತ್ರದ ಲೆಕ್ಕ ಒಂದು, ಮನಸ್ಸಿನ ಲೆಕ್ಕ ಇನ್ನೊಂದು.

ಕನ್ನಡದಲ್ಲಿ ಕಾಲಜ್ಞಾನವೆಂಬ ಒಂದು ಸಾಹಿತ್ಯಪ್ರಕಾರವೇ ಇದೆ. ಈಗಿನ ಯಾದಗಿರಿ ಜಿಲ್ಲೆಯ ಕೊಡೇಕಲ್ಲಿನ ಬಸವಣ್ಣನ ಪರಂಪರೆ ಇದಕ್ಕೆ ಹೆಸರುವಾಸಿ. ಈ ರಚನೆಗಳಲ್ಲಿ ಯುದ್ಧ, ಕ್ಷಾಮ, ನಡೆನುಡಿಯ ಅಧಃಪತನಗಳ ವರ್ಣನೆ ಬರುತ್ತದೆ. ಅದರ ಬೆನ್ನಿಗೇ ವೀರವಸಂತರಾಯನಂಥ ಅರಸ ಬಂದು ಧರ್ಮರಾಜ್ಯ ಕಟ್ಟುವ ಭರವಸೆಯೂ ಬರುತ್ತದೆ. ಹಾಳು ಮತ್ತು ಹೊಸಕಟ್ಟು ಎರಡೂ ಜೊತೆಯಾಗಿ ಬರುವುದು ಲೋಕದ ಬಹುತೇಕ ಪ್ರಳಯಕಥೆಗಳ ಲಕ್ಷಣ. ಬರೀ ನಾಶವನ್ನೇ ಹೇಳುವ ಕಥೆ ಜನರ ಬಾಯಲ್ಲಿ ಹೆಚ್ಚು ಕಾಲ ನಿಲ್ಲುವುದಿಲ್ಲ.

ಹೂವಿನಹಡಗಲಿ ತಾಲ್ಲೂಕಿನ ಮೈಲಾರದ ಕಾರ್ಣಿಕ ಪ್ರಳಯದ ಮಾತಲ್ಲ, ಮುಂಬರುವ ವರ್ಷದ ಮಾತು. ಆದರೆ ಭವಿಷ್ಯವಾಣಿ ಕೆಲಸ ಮಾಡುವ ಬಗೆಯನ್ನು ಇಲ್ಲಿ ಹತ್ತಿರದಿಂದ ನೋಡಬಹುದು. ಭಾರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎನ್ನುತ್ತಾನೆ. ಲಕ್ಷಗಟ್ಟಲೆ ಜನ ಉಸಿರು ಬಿಗಿಹಿಡಿಯುತ್ತಾರೆ. ಒಂದೇ ಒಂದು ಸಾಲು ನುಡಿದು ಆತ ಕೆಳಕ್ಕೆ ಬೀಳುತ್ತಾನೆ. ಆ ಸಾಲು ಮಳೆಗೂ ಅನ್ವಯಿಸಬಹುದು, ರಾಜಕೀಯಕ್ಕೂ ಅನ್ವಯಿಸಬಹುದು. ಅರ್ಥ ತುಂಬುವವರು ಕೇಳಿದವರು. ಅಮೆರಿಕದ ಮನೋವಿಜ್ಞಾನಿ ಬರ್ಟ್ರಮ್ ಫೋರರ್ 1948ರಲ್ಲಿ ತನ್ನ ವಿದ್ಯಾರ್ಥಿಗಳಿಗೆಲ್ಲ ಒಂದೇ ಬಗೆಯ ವ್ಯಕ್ತಿತ್ವ ವಿವರಣೆಯನ್ನು ‘ಇದು ನಿನ್ನದು’ ಎಂದು ಹೇಳಿ ಹಂಚಿದ. ಅದು ತಮಗೆ ಎಷ್ಟು ಹೊಂದುತ್ತದೆ ಎಂದು ಕೇಳಿದಾಗ ಅವರು ಕೊಟ್ಟ ಸರಾಸರಿ ಅಂಕ ಐದಕ್ಕೆ 4.26. ಎಲ್ಲರಿಗೂ ಒಗ್ಗುವ ಮಾತು ಪ್ರತಿಯೊಬ್ಬರಿಗೂ ತನ್ನದೇ ಎನಿಸುತ್ತದೆ.

ಗೊತ್ತುಪಡಿಸಿದ ದಿನ

ಅಂತ್ಯಕ್ಕೆ ಒಂದು ದಿನಾಂಕ ಸಿಕ್ಕಿತೆಂದರೆ ಅದರ ಆಕರ್ಷಣೆ ಹತ್ತು ಪಟ್ಟಾಗುತ್ತದೆ. ಅಮೆರಿಕದ ಬೋಧಕ ವಿಲಿಯಂ ಮಿಲ್ಲರನ ಅನುಯಾಯಿಗಳು ಕ್ರಿಸ್ತನ ಮರಳುವಿಕೆಗೆ 1844ರ ಅಕ್ಟೋಬರ್ 22ನ್ನು ಗೊತ್ತುಮಾಡಿಕೊಂಡು ಕಾದರು. ಆ ದಿನ ಕಳೆದುಹೋದದ್ದನ್ನು ಇತಿಹಾಸದಲ್ಲಿ ‘ಮಹಾ ನಿರಾಶೆ’ ಎಂದು ಕರೆಯುತ್ತಾರೆ. ನಿರಾಶರಾದವರಲ್ಲಿ ಒಂದು ಗುಂಪು ಲೆಕ್ಕವನ್ನು ಬೇರೆ ರೀತಿಯಲ್ಲಿ ಅರ್ಥೈಸಿಕೊಂಡಿತು. 1863ರಲ್ಲಿ ಸ್ಥಾಪನೆಯಾದ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆಯ ಮೂಲ ಅಲ್ಲಿದೆ. 1910ರ ಮೇ ತಿಂಗಳಲ್ಲಿ ಭೂಮಿ ಹ್ಯಾಲಿ ಧೂಮಕೇತುವಿನ ಬಾಲದೊಳಗೆ ಹಾಯುವುದೆಂದೂ, ಬಾಲದಲ್ಲಿ ಸಯನೋಜನ್ ಎಂಬ ವಿಷಾನಿಲವಿದೆಯೆಂದೂ ಸುದ್ದಿ ಹಬ್ಬಿ ‘ಧೂಮಕೇತು ಗುಳಿಗೆ’ಗಳ ಮಾರಾಟ ನಡೆಯಿತು. ಅನಿಲವಿದ್ದದ್ದು ನಿಜ. ಆದರೆ ಬಾಲ ಎಷ್ಟು ವಿರಳವೆಂದರೆ ವಾತಾವರಣದ ಮೇಲೆ ಅದರ ಪರಿಣಾಮ ಏನೂ ಆಗಲಿಲ್ಲ.

ಭಾರತದ ಹಿರಿಯರು ಮರೆಯದ ದಿನಗಳು 1962ರ ಫೆಬ್ರುವರಿ 3ರಿಂದ 5. ಸೂರ್ಯ, ಚಂದ್ರ, ಬುಧ, ಶುಕ್ರ, ಕುಜ, ಗುರು, ಶನಿ ಮತ್ತು ಕೇತು ಮಕರ ರಾಶಿಯಲ್ಲಿ ಕೂಡಿದ ಅಷ್ಟಗ್ರಹ ಯೋಗಕ್ಕೆ ಹೆದರಿ ದೇಶದುದ್ದಕ್ಕೂ ಹೋಮ, ಯಜ್ಞ, ಅಖಂಡ ಭಜನೆಗಳು ನಡೆದವು. ಭೂಮಿಯ ಮೇಲೆ ಗ್ರಹಗಳ ಗುರುತ್ವದ ಎಳೆತ ಚಂದ್ರನ ಎಳೆತದ ಮುಂದೆ ತೀರಾ ಅಲ್ಪ. ಅವೆಲ್ಲ ಒಂದೇ ಸಾಲಿಗೆ ಬಂದರೂ ಸಮುದ್ರದ ಉಬ್ಬರದಲ್ಲಿ ಗಮನಿಸುವಷ್ಟು ವ್ಯತ್ಯಾಸವಾಗುವುದಿಲ್ಲ. 1979ರ ಜುಲೈ 11ರಂದು ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್ ಬೀಳುವುದೆಂಬ ಸುದ್ದಿಗೂ ಜನ ಹಾಗೆಯೇ ನಡುಗಿದರು. ಅದರ ಚೂರುಗಳು ಹಿಂದೂ ಮಹಾಸಾಗರದಲ್ಲೂ ಪಶ್ಚಿಮ ಆಸ್ಟ್ರೇಲಿಯಾದಲ್ಲೂ ಬಿದ್ದವು. 2012ರ ಡಿಸೆಂಬರ್ 21 ಮಾಯಾ ಪಂಚಾಂಗದ ಒಂದು ದೊಡ್ಡ ಆವೃತ್ತಿ ಮುಗಿಯುವ ದಿನವಷ್ಟೆ. ಡಿಸೆಂಬರ್ ಮುಗಿದ ಮೇಲೆ ಜನವರಿ ಬರುವಂತೆ ಅದರ ಮುಂದೆಯೂ ದಿನಗಳಿದ್ದವು.

ಇಂಥ ದಿನಾಂಕ ಸುಳ್ಳಾದಾಗ ನಂಬಿದವರ ಮನಸ್ಸು ಏನು ಮಾಡುತ್ತದೆ? ಈ ಪ್ರಶ್ನೆಯ ಅತ್ಯಂತ ಪ್ರಸಿದ್ಧ ಅಧ್ಯಯನ ಲಿಯಾನ್ ಫೆಸ್ಟಿಂಗರ್, ಹೆನ್ರಿ ರೀಕನ್ ಮತ್ತು ಸ್ಟ್ಯಾನ್ಲಿ ಶಾಕ್ಟರ್ ಅವರದು. ಷಿಕಾಗೊ ಬಳಿಯ ಡೊರೊಥಿ ಮಾರ್ಟಿನ್ ಎಂಬಾಕೆ ತನಗೆ ಅನ್ಯಗ್ರಹದವರಿಂದ ಸಂದೇಶ ಬರುತ್ತಿದೆಯೆಂದೂ, 1954ರ ಡಿಸೆಂಬರ್ 21ರಂದು ಮಹಾಪೂರ ಬರುವುದೆಂದೂ, ಹಿಂದಿನ ನಡುರಾತ್ರಿ ತಮ್ಮನ್ನು ಕರೆದೊಯ್ಯಲು ಹಾರುವ ತಟ್ಟೆ ಬರುವುದೆಂದೂ ಸಾರಿದಳು. ಸಂಶೋಧಕರ ತಂಡದವರು ಭಕ್ತರ ವೇಷದಲ್ಲಿ ಆ ಗುಂಪಿನೊಳಗೆ ಸೇರಿಕೊಂಡರು. ತಟ್ಟೆಯೊಳಗೆ ಲೋಹ ಸುಡುತ್ತದೆಂಬ ನಂಬಿಕೆಯಿಂದ ಆ ರಾತ್ರಿ ಎಲ್ಲರೂ ಬಟ್ಟೆಯ ಜಿಪ್, ಕೊಂಡಿ, ಗುಂಡಿಗಳನ್ನು ಕಿತ್ತುಹಾಕಿದ್ದರು. ವೀಕ್ಷಕನೊಬ್ಬನ ಪ್ಯಾಂಟಿನ ಜಿಪ್ ಉಳಿದಿರುವುದು ಕೊನೇ ಗಳಿಗೆಯಲ್ಲಿ ತಿಳಿದಾಗ ಅವನನ್ನು ಒಳಕೋಣೆಗೆ ಎಳೆದೊಯ್ದು, ಗಡಿಯಾರದ ಕಡೆ ಕಣ್ಣುಹಾಯಿಸುತ್ತ, ನಡುಗುವ ಕೈಯಲ್ಲಿ ಬ್ಲೇಡ್ ಹಿಡಿದು ಅದನ್ನು ಕತ್ತರಿಸಿದರು. ಕೋಣೆಯಲ್ಲಿ ಎರಡು ಗಡಿಯಾರ. ಒಂದು ಹನ್ನೆರಡು ದಾಟಿ ಐದು ನಿಮಿಷ ತೋರಿಸಿದಾಗ ಯಾರೋ ಇನ್ನೊಂದರತ್ತ ಕೈ ತೋರಿದರು. ಅದರಲ್ಲಿ ಇನ್ನೂ ಹನ್ನೊಂದು ಐವತ್ತೈದು. ನಿಧಾನವಾದ ಗಡಿಯಾರವೇ ಸರಿಯೆಂದು ಎಲ್ಲರೂ ಒಪ್ಪಿಕೊಂಡರು. ಬೆಳಗಿನ ಜಾವ ನಾಲ್ಕೂ ಮುಕ್ಕಾಲಿಗೆ ಹೊಸ ಸಂದೇಶ ಬಂತು: ಗುಂಪಿನ ಭಕ್ತಿಯಿಂದಾಗಿ ಲೋಕ ಉಳಿಯಿತು.

ಇದರ ಮೇಲೆ ಫೆಸ್ಟಿಂಗರ್ ಕಟ್ಟಿದ್ದು ‘ಅರಿವಿನ ವೈರುಧ್ಯ’ದ ಸಿದ್ಧಾಂತ. ಕೆಲಸ, ಮನೆ, ಮರ್ಯಾದೆಗಳನ್ನು ಪಣಕ್ಕಿಟ್ಟು ನಂಬಿದವರಿಗೆ ನಂಬಿಕೆಯನ್ನು ಬಿಡುವುದಕ್ಕಿಂತ ಅದಕ್ಕೆ ಹೊಸ ಸಮಜಾಯಿಷಿ ಹುಡುಕುವುದು ಸಲೀಸು. ಸಿದ್ಧಾಂತಕ್ಕೆ ಬೇರೆ ಪ್ರಯೋಗಗಳಿಂದ ಬೆಂಬಲ ಸಿಕ್ಕಿದೆ. ಆದರೆ ಈ ಅಧ್ಯಯನ ಈಗ ತೀವ್ರ ವಿಮರ್ಶೆಗೆ ಒಳಗಾಗಿದೆ. ಚಿಕ್ಕ ಗುಂಪೊಂದರಲ್ಲಿ ಅಷ್ಟು ಮಂದಿ ವೀಕ್ಷಕರು ಸೇರಿಕೊಂಡರೆ ಗುಂಪಿನ ನಡೆಯೇ ಬದಲಾಗುತ್ತದೆ. ಭವಿಷ್ಯ ಸುಳ್ಳಾದ ಮೇಲೆ ಗುಂಪು ಉತ್ಸಾಹದಿಂದ ಪ್ರಚಾರಕ್ಕಿಳಿಯಿತೆಂಬ ಮಾತನ್ನೂ ಈಚಿನ ಕಡತ ಸಂಶೋಧನೆ ಪ್ರಶ್ನಿಸಿದೆ. ಈ ಅಧ್ಯಯನ ಪ್ರಕಟವಾದ 1956ರ ಪುಸ್ತಕವನ್ನು ಇಂದು ಓದುವವರು ಈ ಎಚ್ಚರ ಇಟ್ಟುಕೊಳ್ಳಲೇಬೇಕು.

ಮನಸ್ಸಿನೊಳಗೆ

ಕೆಟ್ಟ ಸುದ್ದಿ ಒಳ್ಳೆಯದಕ್ಕಿಂತ ಬೇಗ ಗಮನ ಸೆಳೆಯುತ್ತದೆ, ಹೆಚ್ಚು ಕಾಲ ನೆನಪಿನಲ್ಲಿ ಉಳಿಯುತ್ತದೆ. ಇದರ ವಿಕಾಸದ ತರ್ಕ ಸರಳ: ಹಣ್ಣೊಂದು ಕಣ್ತಪ್ಪಿದರೆ ನಾಳೆ ಸಿಕ್ಕೀತು, ಹುಲಿಯೊಂದು ಕಣ್ತಪ್ಪಿದರೆ ನಾಳೆಯೇ ಇಲ್ಲ. ಒಂದು ಜಾಲತಾಣದ ಸಾವಿರಾರು ಶೀರ್ಷಿಕೆಗಳನ್ನು ಪರಿಶೀಲಿಸಿ 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಸಾಧಾರಣ ಉದ್ದದ ಶೀರ್ಷಿಕೆಯಲ್ಲಿ ಒಂದು ನಕಾರಾತ್ಮಕ ಪದ ಸೇರಿದರೆ ಅದನ್ನು ಒತ್ತುವವರ ಪ್ರಮಾಣ ಶೇ. 2.3ರಷ್ಟು ಏರುತ್ತದೆ. ಕೋಟಿಗಟ್ಟಲೆ ಓದುಗರ ಲೆಕ್ಕದಲ್ಲಿ ಇದು ಸಣ್ಣ ಅಂಕಿಯಲ್ಲ.

ಇದರ ಮುಂದಿನ ಹೆಜ್ಜೆ ತಾಲೀಮು. ಫಿನ್ಲೆಂಡಿನ ಆಂಟಿ ರೆವೊನ್ಸುವೊ 2000ದಲ್ಲಿ ಮಂಡಿಸಿದ ವಾದದಂತೆ ದುಃಸ್ವಪ್ನಗಳು ಅಪಾಯವನ್ನು ಎದುರಿಸುವ ಅಭ್ಯಾಸ. ಭಯದ ಕಥೆಗಳನ್ನೂ ಎಚ್ಚರದಲ್ಲಿ ಕಾಣುವ ಅದೇ ಬಗೆಯ ಕನಸುಗಳೆಂದು ನೋಡುವವರಿದ್ದಾರೆ. ಆದರೆ ಭಯ ಹದವಾಗಿರಬೇಕು. ಡೆನ್ಮಾರ್ಕಿನ ‘ದೆವ್ವದ ಮನೆ’ಯೊಂದರಲ್ಲಿ 110 ಮಂದಿಯ ಹೃದಯಬಡಿತ ಅಳೆದು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅತಿ ಕಡಿಮೆ ಹೆದರಿದವರಿಗೂ ಅತಿ ಹೆಚ್ಚು ಹೆದರಿದವರಿಗೂ ಸಂತೋಷ ಕಡಿಮೆ, ನಡುವಿನವರಿಗೆ ಹೆಚ್ಚು. ಖಾರದಿಂದ ಬಾಯಿ ಉರಿಯುತ್ತಿದ್ದರೂ ಇನ್ನೊಂದು ಮೆಣಸಿನಕಾಯಿ ಕಚ್ಚುವವರ ಸುಖವನ್ನು ಅಭ್ಯಸಿಸಿದ ಪಾಲ್ ರೋಜಿನ್ ಹೇಳುವುದೂ ಇದನ್ನೇ: ಅಪಾಯವೆಂದು ದೇಹ ಕೂಗುತ್ತಿದ್ದರೂ ಅಪಾಯವಿಲ್ಲವೆಂದು ಮನಸ್ಸಿಗೆ ಗೊತ್ತಿರುವುದೇ ಆ ಸುಖದ ಗುಟ್ಟು.

ಹಿಡಿತ ತಪ್ಪಿದೆಯೆನಿಸಿದಾಗ ಮನಸ್ಸು ಇಲ್ಲದ ವಿನ್ಯಾಸಗಳನ್ನೂ ಕಾಣತೊಡಗುತ್ತದೆ. ಜೆನಿಫರ್ ವಿಟ್ಸನ್ ಮತ್ತು ಆಡಂ ಗಲಿನ್ಸ್ಕಿ 2008ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಪರಿಸ್ಥಿತಿ ತಮ್ಮ ಕೈಯಲ್ಲಿಲ್ಲವೆಂಬ ಭಾವನೆ ಮೂಡಿಸಲ್ಪಟ್ಟವರಿಗೆ ಬರೀ ಚುಕ್ಕಿಗಳ ಗೋಜಲಿನಲ್ಲೂ ಆಕೃತಿಗಳು ಕಂಡವು. ಯುದ್ಧ, ರೋಗ, ಬೆಲೆಯೇರಿಕೆ, ನೆರೆ ಎಲ್ಲವನ್ನೂ ಒಂದೇ ಸೂತ್ರಕ್ಕೆ ಪೋಣಿಸಿ ‘ಇದೆಲ್ಲ ಅಂತ್ಯದ ಸೂಚನೆ’ ಎನ್ನುವುದು ಇದೇ ಕೆಲಸದ ದೊಡ್ಡ ರೂಪ. 2022ರ ಪ್ಯೂ ಸಮೀಕ್ಷೆಯಲ್ಲಿ ಅಮೆರಿಕದ ವಯಸ್ಕರಲ್ಲಿ ಶೇ. 39ರಷ್ಟು ಮಂದಿ ನಾವು ಅಂತ್ಯಕಾಲದಲ್ಲಿ ಬದುಕುತ್ತಿದ್ದೇವೆ ಎಂದರು. ವಿಮರ್ಶಕ ಫ್ರಾಂಕ್ ಕರ್ಮೋಡ್ 1967ರಲ್ಲೇ ಇದಕ್ಕೆ ಸಾಹಿತ್ಯದ ಕಡೆಯಿಂದ ಉತ್ತರ ಹುಡುಕಿದ್ದ. ಕಥೆಯ ಆದಿಯನ್ನೂ ಅಂತ್ಯವನ್ನೂ ಕಾಣದೆ ನಾವು ನಡುವೆ ಹುಟ್ಟಿ ನಡುವೆಯೇ ಹೋಗುತ್ತೇವೆ. ನಮ್ಮ ನಡುಗಾಲಕ್ಕೆ ಅರ್ಥ ಬರಬೇಕಾದರೆ ಒಂದು ಕೊನೆಯನ್ನು ಕಲ್ಪಿಸಿಕೊಳ್ಳಲೇಬೇಕಾಗುತ್ತದೆ. ಈ ವಿಷಯದ ಬಗ್ಗೆ ಬಂದಿರುವ ವಿವರಣೆಗಳಲ್ಲಿ ಇದು ಪ್ರಯೋಗಾಲಯದ ಆಧಾರವಿಲ್ಲದ್ದು. ಆದರೂ ಬಹಳ ಆಳವಾದದ್ದು.

ಮಾನವಶಾಸ್ತ್ರಜ್ಞ ಅರ್ನೆಸ್ಟ್ ಬೆಕರನ ಚಿಂತನೆಯಿಂದ ಹೊರಟು 1980ರ ದಶಕದಲ್ಲಿ ರೂಪುಗೊಂಡ ‘ಮರಣಭೀತಿ ನಿರ್ವಹಣೆ’ಯ ಸಿದ್ಧಾಂತವೂ ಇಲ್ಲಿ ಪ್ರಸ್ತುತ. ಸಾವಿನ ನೆನಪು ಮನುಷ್ಯರನ್ನು ತಮ್ಮ ಸಂಸ್ಕೃತಿಗೂ ಗುಂಪಿಗೂ ಇನ್ನಷ್ಟು ಗಟ್ಟಿಯಾಗಿ ಅಂಟಿಸುತ್ತದೆ ಎಂಬುದು ಅದರ ಸಾರ. ಹಲವು ಪ್ರಯೋಗಾಲಯಗಳು ಕೂಡಿ ನಡೆಸಿದ ಮರುಪರೀಕ್ಷೆಯಲ್ಲಿ ಅದರ ಒಂದು ಮುಖ್ಯ ಪ್ರಯೋಗ ನಿರೀಕ್ಷಿತ ಫಲ ಕೊಡಲಿಲ್ಲವಾದ್ದರಿಂದ ಅದನ್ನು ಈಗ ಮೊದಲಿನ ಆತ್ಮವಿಶ್ವಾಸದಿಂದ ಹೇಳುವಂತಿಲ್ಲ.

ಕಥೆ, ಸಿನಿಮಾ

1815ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ತಂಬೋರ ಜ್ವಾಲಾಮುಖಿ ಸಿಡಿಯಿತು. ಮರುವರ್ಷ ಯೂರೋಪಿಗೆ ಬೇಸಿಗೆಯೇ ಬರಲಿಲ್ಲ. 1816ರ ಜುಲೈ 18ರಂದು ಸೂರ್ಯ ನಂದಿಹೋಗುವನೆಂಬ ವದಂತಿ ಇಟಲಿಯಿಂದ ಹೊರಟು ಊರೂರಿಗೆ ಹಬ್ಬಿತು. ಅದೇ ಮಬ್ಬುಗವಿದ ಬೇಸಿಗೆಯಲ್ಲಿ ಜಿನೀವಾ ಸರೋವರದ ದಂಡೆಯಲ್ಲಿದ್ದ ಬೈರನ್ ಬೆಳಕಿಲ್ಲದ ಲೋಕದ ಬಗ್ಗೆ ಕವಿತೆ ಬರೆದ. ಅವನ ಜೊತೆಗಾರ್ತಿಯಾಗಿದ್ದ ಮೇರಿ ಶೆಲ್ಲಿ 1826ರಲ್ಲಿ ಮಹಾಮಾರಿಯಿಂದ ಮನುಕುಲ ಅಳಿಯುವ ಕಾದಂಬರಿ ಪ್ರಕಟಿಸಿದಳು. ಪ್ರಳಯದ ಕಥೆ ಗಾಳಿಯಲ್ಲಿ ಹುಟ್ಟುವುದಿಲ್ಲ. ಅದರ ಬೆನ್ನಿಗೆ ಸಾಮಾನ್ಯವಾಗಿ ನಿಜವಾದ ಪೆಟ್ಟೊಂದು ಇರುತ್ತದೆ. 1954ರ ಮಾರ್ಚ್ 1ರಂದು ಬಿಕಿನಿ ದ್ವೀಪದಲ್ಲಿ ಅಮೆರಿಕ ಸಿಡಿಸಿದ ಹೈಡ್ರೋಜನ್ ಬಾಂಬಿನ ಬೂದಿ ಜಪಾನಿನ ಮೀನುಗಾರಿಕಾ ದೋಣಿಯೊಂದರ ಮೇಲೆ ಸುರಿಯಿತು. ಅದೇ ವರ್ಷ ತೆರೆಕಂಡ ‘ಗೊಜಿರ’ ಚಿತ್ರದ ಮೊದಲ ದೃಶ್ಯದಲ್ಲೂ ದೋಣಿಯೊಂದು ಬೆಳಕಿನ ಸ್ಫೋಟಕ್ಕೆ ಸಿಕ್ಕಿ ಮುಳುಗುತ್ತದೆ. 1983ರ ನವೆಂಬರ್ 20ರಂದು ಅಮೆರಿಕದ ದೂರದರ್ಶನದಲ್ಲಿ ಪ್ರಸಾರವಾದ ಅಣುಯುದ್ಧದ ಚಿತ್ರ ‘ದಿ ಡೇ ಆಫ್ಟರ್’ ಅನ್ನು ಸುಮಾರು ಹತ್ತು ಕೋಟಿ ಮಂದಿ ನೋಡಿದರು. ಅದನ್ನು ಮೊದಲೇ ನೋಡಿದ್ದ ಅಧ್ಯಕ್ಷ ರೇಗನ್ ತನಗಾದ ಖಿನ್ನತೆಯನ್ನು ದಿನಚರಿಯಲ್ಲಿ ದಾಖಲಿಸಿದ್ದಾನೆ.

ಇಂಥ ಕಥೆಗಳಿಂದ ಪ್ರಯೋಜನವಿದೆಯೇ? 2020ರ ಆರಂಭದಲ್ಲಿ ಕೊರೋನಾ ಹರಡತೊಡಗಿದಾಗ ಸಾಂಕ್ರಾಮಿಕದ ಕುರಿತ 2011ರ ‘ಕಂಟೇಜನ್’ ಚಿತ್ರಕ್ಕೆ ಏಕಾಏಕಿ ಬೇಡಿಕೆ ಬಂತು. ಕಾಲ್ಟನ್ ಸ್ಕ್ರಿವ್ನರ್ ಮತ್ತು ಸಂಗಡಿಗರು ಆ ಹೊತ್ತಿನಲ್ಲಿ 310 ಮಂದಿಯನ್ನು ಪ್ರಶ್ನಿಸಿದರು. ಭಯಾನಕ ಚಿತ್ರಗಳನ್ನು ಇಷ್ಟಪಡುವವರಲ್ಲಿ ಮಾನಸಿಕ ತಳಮಳ ಕಡಿಮೆಯಿತ್ತು. ಜಗದಂತ್ಯ, ಅನ್ಯಗ್ರಹದವರ ದಾಳಿಯಂಥ ಚಿತ್ರಗಳ ಪ್ರಿಯರು ಮಾನಸಿಕವಾಗಿ ಗಟ್ಟಿಯಾಗಿದ್ದುದಲ್ಲದೆ ಹೆಚ್ಚು ಸಿದ್ಧರೂ ಆಗಿದ್ದರು. ಇದು ಸಹಸಂಬಂಧ ಮಾತ್ರ. ಚಿತ್ರಗಳು ಅವರನ್ನು ಗಟ್ಟಿ ಮಾಡಿದವೋ, ಗಟ್ಟಿಗರೇ ಅಂಥ ಚಿತ್ರ ನೋಡುತ್ತಾರೋ ಹೇಳಲಾಗದು. ಆದರೂ ತಾಲೀಮಿನ ವಾದಕ್ಕೆ ಇದು ಒಂದು ಒತ್ತಾಸೆ.

ಪ್ರಳಯದ ಸಿನಿಮಾಗಳು ಒಂದು ವಿಷಯದಲ್ಲಿ ಮಾತ್ರ ಜನರಿಗೆ ಅನ್ಯಾಯ ಮಾಡಿವೆ. ಅನಾಹುತವಾದೊಡನೆ ಜನ ಹುಚ್ಚೆದ್ದು ಓಡುತ್ತಾರೆ, ಒಬ್ಬರನ್ನೊಬ್ಬರು ತುಳಿಯುತ್ತಾರೆ, ಲೂಟಿಗಿಳಿಯುತ್ತಾರೆ ಎಂದು ಅವು ತೋರಿಸುತ್ತವೆ. ಅಮೆರಿಕದ ಸಮಾಜಶಾಸ್ತ್ರಜ್ಞ ಎನ್ರಿಕೊ ಕ್ವಾರಂಟೆಲಿ 1963ರಲ್ಲಿ ಸಹಸಂಸ್ಥಾಪಕನಾಗಿ ಕಟ್ಟಿದ ವಿಪತ್ತು ಸಂಶೋಧನಾ ಕೇಂದ್ರ ದಶಕಗಳ ಕಾಲ ಕ್ಷೇತ್ರಕಾರ್ಯ ನಡೆಸಿ ಕಂಡದ್ದು ಇದಕ್ಕೆ ವಿರುದ್ಧ. ನಿಜವಾದ ವಿಪತ್ತಿನಲ್ಲಿ ಸಾಮೂಹಿಕ ಹುಚ್ಚಾಟ ಅಪರೂಪ. ಮೊದಲು ನೆರವಿಗೆ ಧಾವಿಸುವವರು ನೆರೆಹೊರೆಯವರು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗಲೂ ಸ್ಥಳೀಯರು ಮನೆ, ಕಲ್ಯಾಣಮಂಟಪಗಳ ಬಾಗಿಲು ತೆರೆದು ಒಲೆ ಹಚ್ಚಿದ್ದನ್ನು ನಾಡು ನೋಡಿದೆ. 1938ರ ಅಕ್ಟೋಬರ್ 30ರಂದು ಆರ್ಸನ್ ವೆಲ್ಸ್ ಪ್ರಸಾರ ಮಾಡಿದ ಮಂಗಳವಾಸಿಗಳ ದಾಳಿಯ ರೇಡಿಯೋ ನಾಟಕಕ್ಕೆ ಇಡೀ ಅಮೆರಿಕ ಬೀದಿಗಿಳಿಯಿತೆಂಬ ಪ್ರಸಿದ್ಧ ಕಥೆಯನ್ನೂ ಮುಂದಿನ ಮಾಧ್ಯಮ ಇತಿಹಾಸಕಾರರು ಉತ್ಪ್ರೇಕ್ಷೆಯೆಂದು ತೋರಿಸಿದ್ದಾರೆ. ಜನ ಹೆದರುಪುಕ್ಕಲರೆಂಬ ಕಲ್ಪನೆಗೆ ಬೆಲೆ ತೆರಬೇಕಾಗುತ್ತದೆ: ಗಾಬರಿಯಾದೀತೆಂದು ಅಧಿಕಾರಿಗಳು ಎಚ್ಚರಿಕೆಯನ್ನೇ ತಡಮಾಡುವ ಅಪಾಯವಿದೆ.

ನಿಜವಾದ ಅಂತ್ಯಗಳು

ಪ್ರಳಯಗಳು ಕಲ್ಪನೆಯಲ್ಲಿ ಮಾತ್ರ ನಡೆದಿಲ್ಲ. 6.6 ಕೋಟಿ ವರ್ಷಗಳ ಹಿಂದೆ ಈಗಿನ ಮೆಕ್ಸಿಕೋದ ಚಿಕ್ಸುಲುಬ್ ಬಳಿ ಸುಮಾರು ಹತ್ತು ಕಿಲೋಮೀಟರ್ ಅಗಲದ ಕ್ಷುದ್ರಗ್ರಹ ಅಪ್ಪಳಿಸಿತು. ಹಕ್ಕಿಗಳ ಪೂರ್ವಜರನ್ನು ಬಿಟ್ಟು ಉಳಿದ ಡೈನೊಸಾರುಗಳೂ, ಜೀವಪ್ರಭೇದಗಳಲ್ಲಿ ಸುಮಾರು ಮುಕ್ಕಾಲು ಪಾಲೂ ಅಳಿದವು. ಇರಿಡಿಯಂ ಲೋಹದ ತೆಳುಪದರವನ್ನು ಆಧಾರವಾಗಿಟ್ಟುಕೊಂಡು ಲೂಯಿಸ್ ಮತ್ತು ವಾಲ್ಟರ್ ಅಲ್ವರೆಜ್ ತಂದೆ-ಮಗ ಹಾಗೂ ಅವರ ಸಹೋದ್ಯೋಗಿಗಳು 1980ರಲ್ಲಿ ಈ ವಾದ ಮಂಡಿಸಿದರು. ಅದೇ ಕಾಲದ ಆಸುಪಾಸಿನಲ್ಲಿ ದಖ್ಖನ್ನಿನಲ್ಲಿ ಲಾವಾ ಉಕ್ಕಿ ಪದರ ಪದರವಾಗಿ ಹರಡುತ್ತಿತ್ತು. ಅಳಿವಿನಲ್ಲಿ ಅದರ ಪಾಲು ಎಷ್ಟೆಂಬ ಚರ್ಚೆ ಇನ್ನೂ ನಡೆದಿದೆ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ ಸೀಮೆಗಳಲ್ಲಿ ಬಿಳಿಜೋಳವೂ ತೊಗರಿಯೂ ಬೆಳೆಯುವ ಎರೆಭೂಮಿ ಬಹುಮಟ್ಟಿಗೆ ಆ ಲಾವಾಶಿಲೆ ಸವೆದು ಆದ ಮಣ್ಣು. ಸುಮಾರು 74,000 ವರ್ಷಗಳ ಹಿಂದೆ ಸಿಡಿದ ಸುಮಾತ್ರದ ತೋಬಾ ಜ್ವಾಲಾಮುಖಿಯ ಬೂದಿ ಆಂಧ್ರದ ಕರ್ನೂಲು ಸೀಮೆಯ ಜ್ವಾಲಾಪುರಂನಲ್ಲಿ ಸಿಕ್ಕಿದೆ. ಬೂದಿಯ ಕೆಳಗೂ ಮೇಲೂ ದೊರೆತ ಕಲ್ಲಿನ ಆಯುಧಗಳು ಹೋಲುವುದರಿಂದ ಅಲ್ಲಿನ ಜನ ಆ ಮಹಾಸ್ಫೋಟವನ್ನು ದಾಟಿ ಬದುಕಿರಬೇಕೆಂದು 2007ರಲ್ಲಿ ಸಂಶೋಧಕರು ವಾದಿಸಿದರು.

ಮನುಷ್ಯನ ಕೈಯಿಂದಲೇ ಆಗಬಹುದಾದ ಅಂತ್ಯಕ್ಕೆ ಪ್ರಸಿದ್ಧ ಸಂಕೇತ, ಅಮೆರಿಕದ ಪರಮಾಣು ವಿಜ್ಞಾನಿಗಳ ಪತ್ರಿಕೆ 1947ರಿಂದ ಪ್ರಕಟಿಸುತ್ತಿರುವ ‘ಪ್ರಳಯ ಗಡಿಯಾರ’. ನಡುರಾತ್ರಿಗೆ ಏಳು ನಿಮಿಷವಿದ್ದ ಅದರ ಮುಳ್ಳು 1991ರಲ್ಲಿ 17 ನಿಮಿಷಕ್ಕೆ ಹಿಂದೆ ಸರಿದಿತ್ತು. 2025ರಲ್ಲಿ 89 ಸೆಕೆಂಡಿಗೆ ಬಂತು. ಇದು ಅಳತೆಯಲ್ಲ, ಎಚ್ಚರಿಕೆಯ ಚಿತ್ರ. ಆದರೂ ಮನಸ್ಸಿಗೆ ನಾಟುವುದು ಅದರಲ್ಲಿ ಗಡಿಯಾರವಿದೆ ಎಂಬ ಕಾರಣಕ್ಕೆ. ತತ್ವಜ್ಞಾನಿ ಟೋಬಿ ಆರ್ಡ್ 2020ರಲ್ಲಿ ಈ ಶತಮಾನದಲ್ಲಿ ಮನುಕುಲದ ಭವಿಷ್ಯವೇ ನಾಶವಾಗುವ ಸಾಧ್ಯತೆಯನ್ನು ಆರರಲ್ಲಿ ಒಂದು ಎಂದು ಅಂದಾಜಿಸಿದ. ನೈಸರ್ಗಿಕ ಕಾರಣಗಳ ಪಾಲು ಅದರಲ್ಲಿ ಹತ್ತುಸಾವಿರದಲ್ಲಿ ಒಂದರಷ್ಟು ಮಾತ್ರ. ಅಂಕಿಗಳ ಬಗ್ಗೆ ತಕರಾರಿದೆ. ಹೆಚ್ಚಿನ ಅಪಾಯ ಆಕಾಶದಿಂದಲ್ಲ, ನಮ್ಮಿಂದಲೇ ಎಂಬ ತೀರ್ಮಾನವನ್ನು ಅಲ್ಲಗಳೆಯುವುದು ಕಷ್ಟ.

ಭಯದ ಬೆಲೆ

2008ರ ಸೆಪ್ಟೆಂಬರ್‌ನಲ್ಲಿ ಜಿನೀವಾ ಬಳಿಯ ಕಣ ವೇಗವರ್ಧಕ ಆರಂಭವಾದಾಗ ಅದು ಕಪ್ಪುಕುಳಿ ಸೃಷ್ಟಿಸಿ ಭೂಮಿಯನ್ನು ನುಂಗುವುದೆಂದು ನಮ್ಮ ವಾಹಿನಿಗಳು ದಿನಗಟ್ಟಲೆ ಚರ್ಚಿಸಿದವು. ಅದರಿಂದ ಹೆದರಿ ಮಧ್ಯಪ್ರದೇಶದಲ್ಲಿ ಹದಿಹರೆಯದ ಹುಡುಗಿಯೊಬ್ಬಳು ಪ್ರಾಣ ಕಳೆದುಕೊಂಡಳೆಂದು ಆಗ ವರದಿಯಾಯಿತು. ಅದಕ್ಕಿಂತ ಹೆಚ್ಚು ಶಕ್ತಿಯ ಕಣಗಳು ಬಾಹ್ಯಾಕಾಶದಿಂದ ಭೂಮಿಗೆ ಕೋಟ್ಯಂತರ ವರ್ಷಗಳಿಂದ ಬಡಿಯುತ್ತಲೇ ಇವೆ ಎಂಬ ಒಂದು ವಾಕ್ಯವನ್ನು ಅಷ್ಟೇ ಒತ್ತಿ ಹೇಳಿದ್ದರೆ ಸಾಕಿತ್ತು. ಭಯವನ್ನು ಮಾರುವವರಿಗೆ ಹೊಣೆಗಾರಿಕೆ ಇದೆ. ಇದರಲ್ಲಿ ರಿಯಾಯಿತಿ ಸಲ್ಲದು.

ಇನ್ನೊಂದು ಕಡೆ, ನಿಧಾನವಾಗಿ ಬರುವ ಅಪಾಯಕ್ಕೂ ದೊಡ್ಡ ಅಂಕಿಗಳಿಗೂ ಮನಸ್ಸು ಮರಗಟ್ಟುತ್ತದೆ. ಎಣ್ಣೆಗುಂಡಿಗಳಲ್ಲಿ ಸಾಯುವ ವಲಸೆ ಹಕ್ಕಿಗಳನ್ನು ಉಳಿಸಲು ಎಷ್ಟು ಹಣ ಕೊಡುವಿರೆಂದು ಕೇಳಿದ 1992ರ ಅಮೆರಿಕದ ಅಧ್ಯಯನದಲ್ಲಿ 2,000 ಹಕ್ಕಿಗಳಿಗೆ ಜನ ಸರಾಸರಿ 80 ಡಾಲರ್ ಹೇಳಿದರು, 20,000ಕ್ಕೆ 78, ಎರಡು ಲಕ್ಷಕ್ಕೆ 88. ಹಕ್ಕಿಗಳ ಸಂಖ್ಯೆ ನೂರು ಪಟ್ಟಾದರೂ ಮರುಕ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಹಿರೋಷಿಮಾದಲ್ಲಿ ಬದುಕುಳಿದವರನ್ನು ಮಾತಾಡಿಸಿದ ಮನೋವೈದ್ಯ ರಾಬರ್ಟ್ ಜೇ ಲಿಫ್ಟನ್ ಇಂಥ ಮರಗಟ್ಟುವಿಕೆಯನ್ನು 1960ರ ದಶಕದಲ್ಲೇ ಗುರುತಿಸಿದ್ದ. ಹವಾಮಾನ ಬದಲಾವಣೆಗೆ ಹಾರುವ ತಟ್ಟೆಯಿಲ್ಲ, ನಡುರಾತ್ರಿಯಿಲ್ಲ, ಖಳನಾಯಕನಿಲ್ಲ. ಭಾರತವೂ ಸೇರಿ ಹತ್ತು ದೇಶಗಳ 16ರಿಂದ 25 ವಯಸ್ಸಿನ 10,000 ಮಂದಿಯನ್ನು ಒಳಗೊಂಡು 2021ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಶೇ. 75 ಮಂದಿಗೆ ಭವಿಷ್ಯ ಭಯ ಹುಟ್ಟಿಸುವಂತೆ ಕಂಡಿದೆ, ಶೇ. 56 ಮಂದಿ ಮನುಕುಲ ಉಳಿಯದೆಂದಿದ್ದಾರೆ. ಸರ್ಕಾರಗಳು ತಮ್ಮನ್ನು ಕೈಬಿಟ್ಟಿವೆಯೆಂಬ ಭಾವನೆ ಇದ್ದವರಲ್ಲಿ ಈ ಸಂಕಟ ಹೆಚ್ಚು. ಇದನ್ನು ಪ್ರಳಯದ ಸೆಳೆತದ ಲೆಕ್ಕಕ್ಕೆ ಸೇರಿಸುವುದು ತಪ್ಪು. ಇಲ್ಲಿ ರೋಮಾಂಚನವಿಲ್ಲ, ಇರುವುದು ದುಃಖ.

ಮನುಷ್ಯನಿಗೆ ಹಿಡಿತ ಸಿಕ್ಕಿರುವುದು ಆಕಾಶದ ಅಪಾಯದ ವಿಷಯದಲ್ಲಿ. 2022ರ ಸೆಪ್ಟೆಂಬರ್ 26ರಂದು ನಾಸಾದ ಡಾರ್ಟ್ ನೌಕೆ ಸುಮಾರು 160 ಮೀಟರ್ ಅಗಲದ ಡೈಮಾರ್ಫಸ್ ಎಂಬ ಪುಟ್ಟ ಕಾಯಕ್ಕೆ ಉದ್ದೇಶಪೂರ್ವಕವಾಗಿ ಡಿಕ್ಕಿ ಹೊಡೆದು ಅದರ ಪರಿಭ್ರಮಣ ಅವಧಿಯನ್ನು ಸುಮಾರು 32 ನಿಮಿಷ ತಗ್ಗಿಸಿತು. 2024ರ ಡಿಸೆಂಬರ್‌ನಲ್ಲಿ ಪತ್ತೆಯಾದ 2024 ವೈಆರ್4 ಎಂಬ ಕ್ಷುದ್ರಗ್ರಹ 2032ರಲ್ಲಿ ಭೂಮಿಗೆ ಬಡಿಯುವ ಸಂಭವ ಮುಂದಿನ ಫೆಬ್ರುವರಿಯಲ್ಲಿ ಶೇ. 3.1ಕ್ಕೆ ಏರಿ ಜಗತ್ತಿನಾದ್ಯಂತ ಮುಖಪುಟ ಸೇರಿತು. ಹೆಚ್ಚಿನ ವೀಕ್ಷಣೆಯಾದಂತೆ ಕೆಲವೇ ದಿನಗಳಲ್ಲಿ ನಗಣ್ಯವಾಯಿತು. ಕಕ್ಷೆಯ ಲೆಕ್ಕ ಖಚಿತವಾಗುವ ಹಾದಿಯಲ್ಲಿ ಸಂಭವ ಹೀಗೆ ಮೊದಲು ಏರಿ ಆಮೇಲೆ ಇಳಿಯುವುದು ವಾಡಿಕೆ. 2029ರ ಏಪ್ರಿಲ್ 13ರ ಶುಕ್ರವಾರ, ಮುನ್ನೂರು ಮೀಟರಿಗೂ ಅಗಲವಾದ ಅಪೋಫಿಸ್ ಕ್ಷುದ್ರಗ್ರಹ ನೆಲದಿಂದ ಸುಮಾರು 32,000 ಕಿಲೋಮೀಟರ್ ದೂರದಲ್ಲಿ ಹಾದುಹೋಗಲಿದೆ. ಭೂಗೋಳದ ಪೂರ್ವಾರ್ಧದ ಹಲವು ಕಡೆ ಅದು ಬರಿಗಣ್ಣಿಗೂ ಕಾಣುವ ನಿರೀಕ್ಷೆಯಿದೆ. 2004ರಲ್ಲಿ ಕೆಲವು ದಿನ ಆತಂಕ ಹುಟ್ಟಿಸಿದ್ದ ಈ ಕಾಯ ಕನಿಷ್ಠ ಮುಂದಿನ ನೂರು ವರ್ಷ ಭೂಮಿಗೆ ಬಡಿಯದೆಂದು 2021ರ ರೇಡಾರ್ ಅಳತೆಗಳು ಖಚಿತಪಡಿಸಿವೆ.